ಪೋಲಿಯೋ ಹನಿಯಿಂದ ಸಂತಾನಶಕ್ತಿ ಹೋಗುತ್ತದೆಯೇ? ಗಡಿಯಾಚೆಯ ಒಂದು ವದಂತಿಯ ಕಥೆ

‘ಪೋಲಿಯೋ ಹನಿ ಮುಸ್ಲಿಂ ಮಕ್ಕಳ ಸಂತಾನಶಕ್ತಿ ಕಳೆಯುವ ಸಂಚು’ ಎಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಇದು ಸುಳ್ಳು. ಈ ಸುಳ್ಳಿಗೆ ಪಾಕಿಸ್ತಾನ–ಅಫ್ಘಾನಿಸ್ತಾನ ಗಡಿಯ ಮಕ್ಕಳು ತೆತ್ತ ಬೆಲೆ ದೊಡ್ಡದು.

ಹನಿಯಲ್ಲಿ ಏನಿದೆ?
ಶಕ್ತಿಗುಂದಿಸಿದ ಪೋಲಿಯೋ ವೈರಸ್ ಇದೆ. ಅದು ಕರುಳಿನಲ್ಲಿ ಬೆಳೆದು ದೇಹಕ್ಕೆ ರೋಗನಿರೋಧಕ ಶಕ್ತಿ ಕೊಡುತ್ತದೆ. ಸಂತಾನಕ್ಕೂ ಅದಕ್ಕೂ ಸಂಬಂಧವಿಲ್ಲ. 1995ರಲ್ಲಿ ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ ಆರಂಭವಾದಾಗ ಹನಿ ಕುಡಿದ ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ತಂದೆ-ತಾಯಿ.

ಹಾಗಾದರೆ ಅನುಮಾನ ಏಕೆ?
ಅನುಮಾನಕ್ಕೆ ಕಾರಣವೂ ಇತ್ತು. ಲಾಡೆನ್‌ನನ್ನು ಹುಡುಕಲು ಅಮೆರಿಕದ ಸಿಐಎ ಅಬೋಟಾಬಾದ್‌ನಲ್ಲಿ ಹೆಪಟೈಟಿಸ್ ಬಿ ಲಸಿಕೆ ಅಭಿಯಾನದ ಮರೆ ಬಳಸಿದ್ದು 2011ರಲ್ಲಿ ಬಯಲಾಯಿತು. ಮರುವರ್ಷ ಉತ್ತರ ವಜೀರಿಸ್ತಾನದ ಉಗ್ರರು ಪೋಲಿಯೋ ಹನಿಯನ್ನೇ ನಿಷೇಧಿಸಿದರು. ಹನಿ ಹಾಕಲು ಹೋದ ಹಲವು ಕಾರ್ಯಕರ್ತರು ಕೊಲೆಯಾದರು. ತಪ್ಪು ಗೂಢಚಾರರದ್ದು, ಲಸಿಕೆಯದ್ದಲ್ಲ. ಲಸಿಕೆ ಅಭಿಯಾನಗಳನ್ನು ಇನ್ನು ಹೀಗೆ ಬಳಸುವುದಿಲ್ಲ ಎಂದು ಅಮೆರಿಕ 2014ರಲ್ಲಿ ಹೇಳಿತು.

ಒಂದು ವಿಡಿಯೋ ಮಾಡಿದ ಅನಾಹುತ
2019ರ ಏಪ್ರಿಲ್‌ನಲ್ಲಿ ಪೇಶಾವರದಲ್ಲಿ ‘ಹನಿ ಕುಡಿದ ಮಕ್ಕಳು ಮೂರ್ಛೆ ಹೋದರು’ ಎಂಬ ವದಂತಿ ಹಬ್ಬಿತು. ಗಾಬರಿಯಾದ ಪೋಷಕರು ಸಾವಿರಾರು ಮಕ್ಕಳನ್ನು ಆಸ್ಪತ್ರೆಗೆ ಹೊತ್ತೊಯ್ದರು. ಒಂದು ಆರೋಗ್ಯ ಕೇಂದ್ರಕ್ಕೆ ಬೆಂಕಿ ಬಿತ್ತು. ಆಮೇಲೆ ಹೊರಬಂದ ಇನ್ನೊಂದು ವಿಡಿಯೋದಲ್ಲಿ, ಒಬ್ಬ ವ್ಯಕ್ತಿ ಮಕ್ಕಳಿಗೆ ಮೂರ್ಛೆ ಹೋದಂತೆ ನಟಿಸಲು ಹೇಳುವುದು ಕಾಣಿಸಿತು. ಪಾಕಿಸ್ತಾನದಲ್ಲಿ 2018ರಲ್ಲಿ 12 ಇದ್ದ ಪೋಲಿಯೋ ಪ್ರಕರಣಗಳು 2019ರಲ್ಲಿ 147ಕ್ಕೆ ಏರಿದವು. ಏರಿಕೆಗೆ ಬೇರೆ ಕಾರಣಗಳೂ ಇದ್ದವು. ಆದರೆ ವದಂತಿಯಿಂದ ಎಷ್ಟೋ ಮನೆಗಳ ಬಾಗಿಲು ಮುಚ್ಚಿದ್ದು ನಿಜ.

ಧರ್ಮ ಅಡ್ಡಿಯೇ?
ಅಲ್ಲ. ಈಜಿಪ್ಟಿನ ಅಲ್ ಅಝರ್ ಸೇರಿದಂತೆ ಪ್ರಮುಖ ಇಸ್ಲಾಮಿಕ್ ಸಂಸ್ಥೆಗಳು ಪೋಲಿಯೋ ಲಸಿಕೆಯನ್ನು ಬೆಂಬಲಿಸಿವೆ. ಗಡಿ ದಾಟಿ ಓಡಾಡುವ ಕುಟುಂಬಗಳ ಮಕ್ಕಳಿಗಾಗಿ ತೋರ್ಖಾಮ್, ಚಮನ್ ಗಡಿದ್ವಾರಗಳಲ್ಲೇ ಹನಿ ಹಾಕುವ ವ್ಯವಸ್ಥೆ ಮಾಡಲಾಯಿತು. ಉತ್ತರ ಪ್ರದೇಶದಲ್ಲೂ ಇದೇ ವದಂತಿ ಇತ್ತು. ಅಲ್ಲಿ ಮೌಲವಿಗಳೇ ಮುಂದೆ ಬಂದು, ಮಸೀದಿ ಮೈಕಿನಲ್ಲಿ ಹನಿ ಹಾಕಿಸಿ ಎಂದು ಕರೆ ಕೊಟ್ಟರು. ಭಾರತದ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ.

ನಮ್ಮಲ್ಲೂ ಬಂದಿತ್ತು
2017ರಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗಲೂ ವಾಟ್ಸಾಪ್‌ನಲ್ಲಿ ಇಂಥದ್ದೇ ಹೆದರಿಕೆ ಹಬ್ಬಿತ್ತು. ಆದ್ದರಿಂದ ಫಾರ್ವರ್ಡ್ ಒತ್ತುವ ಮೊದಲು ನೋಡಿ: ವಿಡಿಯೋ ಯಾವ ಊರಿನದು, ಯಾವಾಗಿನದು, ಹೇಳುತ್ತಿರುವವರು ಯಾರು? ಗೊತ್ತಾಗದಿದ್ದರೆ ಅಲ್ಲಿಗೇ ನಿಲ್ಲಿಸಿ, ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಗುವಿನ ಲಸಿಕೆ ತಪ್ಪಿದ್ದರೆ ತಾಯಿ ಕಾರ್ಡ್ ಹಿಡಿದು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿ ಲಸಿಕೆ ಉಚಿತ.