ಸುಟ್ಟಂತೆ ಕಾಣುವ ಸಾಗುವಾನಿ ಸತ್ತಿಲ್ಲ: ಆ ವಿಡಿಯೋ ಫಾರ್ವರ್ಡ್ ಮಾಡುವ ಮುನ್ನ

ಶೃಂಗೇರಿ, ಕೊಪ್ಪದಿಂದ ನರಸಿಂಹರಾಜಪುರ ದಾಟಿ ಶಿವಮೊಗ್ಗಕ್ಕೆ ಹೋಗುವವರ ಕಣ್ಣಿಗೆ ಕೆಲವು ವರ್ಷ ಒಂದು ವಿಚಿತ್ರ ಬೀಳುತ್ತದೆ. ಮಳೆ ಹಿಡಿದು ಸುತ್ತಲಿನ ಕಾಡೆಲ್ಲ ಹಸಿರಾಗಿರುವಾಗ ಸಾಗುವಾನಿ ನೆಡುತೋಪು ಮಾತ್ರ ಬೋಳಾಗಿಯೋ, ಬೆಂಕಿ ತಗುಲಿದಂತೆ ಕಂದು ಬಣ್ಣವಾಗಿಯೋ ನಿಂತಿರುತ್ತದೆ. ಯಾರೋ ಬಸ್ಸಿನ ಕಿಟಕಿಯಿಂದ ವಿಡಿಯೋ ಮಾಡುತ್ತಾರೆ. ಅದು ಗ್ರೂಪಿಗೆ ಬರುವ ಹೊತ್ತಿಗೆ ಜೊತೆಗೊಂದು ಕಾರಣವೂ ಅಂಟಿಕೊಂಡಿರುತ್ತದೆ: ವಿಷದ ಮಳೆ, ಮೊಬೈಲ್ ಟವರ್, ಇಲ್ಲವೇ 'ಮುಂದೆ ನಿಮ್ಮ ಅಡಿಕೆ ತೋಟಕ್ಕೂ ಬರುತ್ತೆ'.

ನಿಜವಾದ ಕಾರಣ ಹುಳ. ಒಂದಲ್ಲ, ಎರಡು ಬಗೆ.

ಮೊದಲನೆಯದು ಹೈಬ್ಲಿಯಾ ಪ್ಯೂರಾ ಎಂಬ ಪತಂಗದ ಮರಿಹುಳ. ಸಾಗುವಾನಿ ಹೊಸ ಚಿಗುರು ಬಿಡುವಾಗ, ಮುಂಗಾರಿನ ಆಸುಪಾಸಿನಲ್ಲಿ ಇದರ ದಾಳಿ. ಎಲೆಯ ದಪ್ಪ ನರ ಬಿಟ್ಟು ಉಳಿದದ್ದನ್ನೆಲ್ಲ ತಿಂದು ಕೆಲವೇ ದಿನಗಳಲ್ಲಿ ತೋಪನ್ನು ಬೋಳಿಸುತ್ತದೆ. ದಾಳಿ ಜೋರಾಗಿದ್ದಾಗ ಮರದಡಿ ನಿಂತರೆ ಹಿಕ್ಕೆ ಉದುರುವ ಸದ್ದು ತುಂತುರು ಮಳೆಯಂತೆ ಕೇಳುತ್ತದೆ. ನೂಲಿನಲ್ಲಿ ಜೋತುಬೀಳುವ ಈ ಹುಳ ಮೈಮೇಲೆ ಬಿದ್ದರೆ ಹೇಸಿಗೆಯಾಗಬಹುದು, ಆದರೆ ಕಂಬಳಿಹುಳದಂತೆ ತುರಿಕೆ ಹುಟ್ಟಿಸುವ ರೋಮ ಇದಕ್ಕಿಲ್ಲ. ಜಾವಾ ದ್ವೀಪದ ಸಾಗುವಾನಿ ಸೀಮೆಯಲ್ಲಿ ಇದರ ಕೋಶಗಳನ್ನು ಹೆಕ್ಕಿ ಹುರಿದು ತಿನ್ನುತ್ತಾರೆ!

ಎರಡನೆಯದು ಮಳೆಗಾಲದ ಕೊನೆಗೆ, ಎಲೆ ಬಲಿತ ಮೇಲೆ ಬರುತ್ತದೆ. ನರಗಳ ನಡುವಿನ ಹಸಿರನ್ನಷ್ಟೇ ಕೆರೆದು ತಿನ್ನುವುದರಿಂದ ಎಲೆ ಜರಡಿಯಂತಾಗಿ, ಒಣಗಿ, ಮರದಲ್ಲೇ ನೇತಾಡುತ್ತದೆ. 'ಸುಟ್ಟ ಕಾಡು' ಎನ್ನುವ ವಿಡಿಯೋಗಳಿಗೆ ಹೊಂದುವ ನೋಟ ಇದು.

ಹಾಗಾದರೆ ನಷ್ಟವೇ ಇಲ್ಲವೇ? ಇದೆ, ಫಾರ್ವರ್ಡ್ ಹೇಳುವ ನಷ್ಟವಲ್ಲ ಅಷ್ಟೆ. ಬೋಳಾದ ಮರ ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತದೆ. ಆದರೆ ಕಾಂಡ ದಪ್ಪವಾಗಲು ಬಳಸಬೇಕಿದ್ದ ಶಕ್ತಿ ಎಲೆಗೆ ಹೋಗುತ್ತದೆ. 1840ರ ದಶಕದಲ್ಲೇ ಸಾಗುವಾನಿ ನೆಡುತೋಪು ಶುರುವಾದ ಕೇರಳದ ನಿಲಂಬೂರಿನಲ್ಲಿ ವಿಜ್ಞಾನಿಗಳು ಇದನ್ನು ಅಳೆದರು. ಎಳೆಯ ತೋಪಿನಲ್ಲಿ ಮೊದಲನೆಯ ಹುಳದಿಂದ ಮರದ ಬೆಳವಣಿಗೆ ಶೇ. 44ರಷ್ಟು ಕುಗ್ಗಿತ್ತು. ಎರಡನೆಯದರಿಂದ ಗಣನೀಯ ನಷ್ಟ ಕಾಣಲಿಲ್ಲ, ಏಕೆಂದರೆ ಆ ಎಲೆಗಳು ಹೇಗೂ ಉದುರುವ ಹೊತ್ತಿಗೆ ಬಂದಿರುತ್ತವೆ. ಅಂದರೆ ನೋಡಲು ಹೆಚ್ಚು ಭಯಾನಕವಾದದ್ದೇ ಕಡಿಮೆ ಹಾನಿ ಮಾಡುವಂಥದ್ದು.

ಅಡಿಕೆಗೆ ಬರುತ್ತದೆಯೇ? ಇಲ್ಲ. ಈ ಹುಳಗಳಿಗೆ ಅಡಿಕೆ ಸೋಗೆ ಆಹಾರವಲ್ಲ. ನಮ್ಮ ಕಡೆ ಅಡಿಕೆಯನ್ನು ಕಾಡುವ ಹಳದಿ ಎಲೆ ರೋಗಕ್ಕೂ ಇದಕ್ಕೂ ಸಂಬಂಧವಿಲ್ಲ.

ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಇಂಥ ವಿಡಿಯೋದ ಕೆಳಗೆ 'ಹೆಲಿಕಾಪ್ಟರಿನಿಂದ ಔಷಧಿ ಹೊಡೆಸಿ' ಎಂಬ ಮಾತು ಸುಲಭವಾಗಿ ಬರುತ್ತದೆ. ಕಾಸರಗೋಡಿನ ಗೇರು ತೋಪುಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಎಂಡೋಸಲ್ಫಾನ್ ಸುರಿದದ್ದೂ ಕೀಟ ಕೊಲ್ಲಲೆಂದೇ. ಅಲ್ಲಿನ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಸುಪ್ರೀಂ ಕೋರ್ಟ್ 2017ರಲ್ಲಿ ಆದೇಶಿಸಬೇಕಾಯಿತು. ನಮ್ಮ ತೋಪುಗಳಡಿಯ ನೀರು ಹರಿದು ಸೇರುವುದು ತುಂಗಾ ಭದ್ರೆಗೆ. ಸಾಗುವಾನಿ ಹುಳವನ್ನು ಸಹಜವಾಗಿಯೇ ಕೊಲ್ಲುವ ಒಂದು ವೈರಸ್ ಇದೆ. ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ಅದನ್ನೇ ಸಿಂಪಡಿಸುವ ವಿಧಾನ ರೂಪಿಸಿದೆ. ಹಕ್ಕಿಗಳೂ ಹುಳಗಳನ್ನು ತಿನ್ನುತ್ತವೆ.

ನಿಮ್ಮ ಜಮೀನಿನಲ್ಲಿ ಸಾಗುವಾನಿ ಇದ್ದು ಅನುಮಾನವಾದರೆ, ಸಣ್ಣ ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿ ಹಸಿರು ಕಂಡರೆ ರೆಂಬೆಗೆ ಜೀವವಿದೆ, ಕಾಯಿರಿ. ತಿಂಗಳು ಕಳೆದರೂ ಚಿಗುರದೆ, ತೊಗಟೆ ಸುಲಿಯುತ್ತಿದ್ದರೆ ಅಥವಾ ಕಾಂಡದಲ್ಲಿ ತೂತು ಕಂಡರೆ ಅದು ಬೇರೆ ತೊಂದರೆ. ಅರಣ್ಯ ಇಲಾಖೆಯವರಿಗೆ ತೋರಿಸಿ.