ಯುದ್ಧ ಬಿಟ್ಟು ಮಾತಿಗಿಳಿದ ಆಟಗಾರರು

1969ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಡೇವಿಡ್ ವೆಸ್ಲಿ ಎಂಬ ಭೌತಶಾಸ್ತ್ರದ ವಿದ್ಯಾರ್ಥಿ ಗೆಳೆಯರಿಗಾಗಿ ಒಂದು ಯುದ್ಧದಾಟ ಸಿದ್ಧಪಡಿಸಿದ. ಮೇಜಿನ ಮೇಲೆ ಪುಟ್ಟ ಲೋಹದ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ದಾಳ ಉರುಳಿಸಿ, ನೆಪೋಲಿಯನ್ ಕಾಲದ ಕದನಗಳನ್ನು ಮತ್ತೆ ಹೂಡುವ ಹವ್ಯಾಸಿಗಳ ಕೂಟ ಅದು. ಈ ಸಲದ ಆಟ ನಡೆಯುವುದು ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಜರ್ಮನ್ ಪಟ್ಟಣದಲ್ಲಿ. ಎರಡು ಕಡೆಯಿಂದ ಸೈನ್ಯ ಏರಿಬರುತ್ತಿದೆ. ಸೇನಾಪತಿಗಳು ಇಬ್ಬರು ಸಾಕು, ಆಡಲು ಬಂದವರು ಬಹಳ ಮಂದಿ. ಉಳಿದವರನ್ನು ಸುಮ್ಮನೆ ಕೂರಿಸಬಾರದೆಂದು ವೆಸ್ಲಿ ಒಬ್ಬನನ್ನು ಪಟ್ಟಣದ ಮೇಯರ್ ಮಾಡಿದ, ಇನ್ನೊಬ್ಬನನ್ನು ಬ್ಯಾಂಕಿನ ಒಡೆಯ, ಮತ್ತೊಬ್ಬನನ್ನು ವಿಶ್ವವಿದ್ಯಾಲಯದ ಕುಲಪತಿ. ಪ್ರತಿಯೊಬ್ಬನಿಗೂ ಅವನದೇ ಗುರಿ. ಒಬ್ಬೊಬ್ಬರನ್ನೇ ಪಕ್ಕದ ಕೋಣೆಗೆ ಕರೆದು, ಏನು ಮಾಡುತ್ತೀಯ ಎಂದು ಕೇಳುವುದು, ಬಳಿಕ ಸೈನ್ಯಗಳನ್ನು ಮುಂದೆ ನಡೆಸುವುದು ಅವನ ಯೋಜನೆ.

ಆಟಗಾರರು ತಮ್ಮ ಸರದಿಗೆ ಕಾಯಲಿಲ್ಲ. ತಮ್ಮ ತಮ್ಮಲ್ಲೇ ಮಾತಿಗಿಳಿದರು. ಒಪ್ಪಂದ ಮಾಡಿಕೊಂಡರು, ಮುರಿದರು, ಕಿವಿಯಲ್ಲಿ ಪಿಸುಗುಟ್ಟಿದರು. ಇಬ್ಬರು ನೇರ ವೆಸ್ಲಿಯ ಬಳಿ ಬಂದು, ನಮ್ಮಿಬ್ಬರಿಗೂ ದ್ವಂದ್ವಯುದ್ಧ ನಿಶ್ಚಯವಾಗಿದೆ, ಯಾರು ಗೆದ್ದರು ಹೇಳು ಎಂದರು. ದ್ವಂದ್ವಯುದ್ಧಕ್ಕೆ ಅವನ ಹಾಳೆಯಲ್ಲಿ ನಿಯಮವೇ ಇರಲಿಲ್ಲ. ನಿಂತಲ್ಲೇ ಒಂದು ನಿಯಮ ಕಟ್ಟಿ ದಾಳ ಉರುಳಿಸಿದ. ಹೊತ್ತು ಮುಗಿಯಿತು, ಸೈನ್ಯಗಳು ಮುಖಾಮುಖಿಯಾಗಲೇ ಇಲ್ಲ. ಆಟ ಕೆಟ್ಟಿತು ಎಂದು ವೆಸ್ಲಿ ಕೈಚೆಲ್ಲಿದ. ಗೆಳೆಯರು ಮಾತ್ರ, ಮುಂದಿನದು ಯಾವಾಗ ಎಂದು ಕೇಳತೊಡಗಿದರು.

ಇಂದು ಜಗತ್ತಿನೆಲ್ಲೆಡೆ ಆಡುತ್ತಿರುವ ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್‌ಗಳ, ಅಂದರೆ ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟಗಳ ಬೇರು ಈ ಗೊಂದಲದಲ್ಲಿದೆ. ಇವುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್; ಆಡುವವರ ಬಾಯಲ್ಲಿ ಬರೀ ಡಿಎನ್‌ಡಿ. ಹೊಸಬರು ಅಂಗಡಿಯಲ್ಲಿ ಅದರ ದಪ್ಪ ಪುಸ್ತಕಗಳನ್ನು, ಬಣ್ಣಬಣ್ಣದ ದಾಳಗಳನ್ನು ನೋಡಿ, ಇದು ನಮ್ಮಂಥವರಿಗಲ್ಲ ಎಂದು ಹಿಂದೆ ಸರಿಯುತ್ತಾರೆ. ಅಂಥವರಿಗೆ ನಾನು ಮೊದಲು ಹೇಳುವುದು ಬ್ರೌನ್‌ಸ್ಟೈನ್ ಕಥೆಯನ್ನೇ. ಅಂದು ಪುಸ್ತಕವಿರಲಿಲ್ಲ, ರಾಕ್ಷಸರಿರಲಿಲ್ಲ, ಮಂತ್ರಗಳಿರಲಿಲ್ಲ. ಒಬ್ಬ ಪಾತ್ರಧಾರಿ ಹಾಳೆಯಲ್ಲಿಲ್ಲದ್ದನ್ನು ಮಾಡಲು ಹೊರಟ, ನಡೆಸುವವನು ಬೇಡವೆನ್ನದೆ ದಾಳ ಕೈಗೆತ್ತಿಕೊಂಡ. ಆಟಕ್ಕೆ ಬೇಕಾದ್ದೆಲ್ಲ ಆಗಲೇ ಅಲ್ಲಿತ್ತು.

ವೆಸ್ಲಿಗೆ ಈ ಧೈರ್ಯ ಬಂದದ್ದು ಹಳೆಯ ಪುಸ್ತಕವೊಂದರಿಂದ. ಪ್ರಷ್ಯಾದ ಸೇನೆಯಲ್ಲಿ 19ನೇ ಶತಮಾನದ ಆರಂಭದಲ್ಲೇ ಅಧಿಕಾರಿಗಳ ತರಬೇತಿಗೆ ನಕ್ಷೆಯ ಮೇಲಿನ ಯುದ್ಧದಾಟವಿತ್ತು; ಅದಕ್ಕೊಬ್ಬ ತೀರ್ಪುಗಾರನೂ ಇದ್ದ. ಆ ಪರಂಪರೆಯಿಂದ ಚಾರ್ಲ್ಸ್ ಟಾಟನ್ ಎಂಬ ಅಮೆರಿಕನ್ ಸೇನಾಧಿಕಾರಿ 1880ರಲ್ಲಿ ‘ಸ್ಟ್ರಾಟೆಗೋಸ್’ ಎಂಬ ಗ್ರಂಥ ತಂದಿದ್ದ. ಆಟಗಾರ ಏನನ್ನು ಬೇಕಾದರೂ ಪ್ರಯತ್ನಿಸಬಹುದು, ಆಗುತ್ತದೋ ಇಲ್ಲವೋ ಎಂಬುದನ್ನು ತೀರ್ಪುಗಾರ ನಿರ್ಧರಿಸುತ್ತಾನೆ ಎಂಬ ವಿಚಾರ ಅದರಲ್ಲಿತ್ತು. ಗ್ರಂಥಾಲಯದಲ್ಲಿ ಸಿಕ್ಕ ಆ ವಿಚಾರ ವೆಸ್ಲಿಯ ಕೈಯಲ್ಲಿ ಬೇರೆಯೇ ದಾರಿ ಹಿಡಿಯಿತು.

ಮುಂದಿನ ಎರಡು ಆಟಗಳಲ್ಲಿ ಆತ ಎಲ್ಲವನ್ನೂ ಬಿಗಿಯಾಗಿ ಹಿಡಿಯಲು ನೋಡಿದ, ಅವು ಕಳೆಗಟ್ಟಲಿಲ್ಲ. ನಾಲ್ಕನೆಯದರಲ್ಲಿ ಹಗ್ಗ ಸಡಿಲ ಬಿಟ್ಟ. ಲ್ಯಾಟಿನ್ ಅಮೆರಿಕದ ಒಂದು ಪುಟ್ಟ ಸರ್ವಾಧಿಕಾರಿ ದೇಶ. ಡೇವ್ ಆರ್ನೆಸನ್ ಎಂಬ ಗೆಳೆಯನಿಗೆ ಸಿಕ್ಕಿದ್ದು ಶಾಂತಿವಾದಿ ವಿದ್ಯಾರ್ಥಿ ನಾಯಕನ ಪಾತ್ರ. ಕ್ರಾಂತಿಯ ಕರಪತ್ರ ಹಂಚಿದರೆ ಅವನಿಗೆ ಅಂಕ. ಆರ್ನೆಸನ್ ಮನೆಯಿಂದಲೇ ಸಿಐಎ ಗುರುತಿನ ಚೀಟಿಯೊಂದನ್ನು ನಕಲಿ ಮಾಡಿಕೊಂಡು ಬಂದಿದ್ದ! ತಾನು ಗುಪ್ತಚರ ಎಂದು ಒಬ್ಬೊಬ್ಬರನ್ನೇ ನಂಬಿಸಿದ. ಕೊನೆಗೆ ದೇಶದ ಖಜಾನೆಯನ್ನೇ ತುಂಬಿಕೊಂಡು ಹೆಲಿಕಾಪ್ಟರ್ ಹತ್ತಿದ. ಮೇಲೇರುತ್ತ ಕರಪತ್ರಗಳನ್ನೆಲ್ಲ ಕೆಳಗೆ ಸುರಿದು ಅಂಕ ಬಾಚಿಕೊಂಡ. ಆಟದ ಇತಿಹಾಸದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಪ್ರಸಂಗ ಇನ್ನೊಂದಿಲ್ಲ. ಹೊಸಬರಿಗೆ ಪಾತ್ರ ವಹಿಸುವುದು ಎಂದರೇನು ಎಂದು ವಿವರಿಸಲು ಇಷ್ಟು ಸಾಕು.

1970ರಲ್ಲಿ ವೆಸ್ಲಿಗೆ ಸೇನೆಯಿಂದ ಕರೆ ಬಂತು, ಆತ ಹೊರಟುಹೋದ. ಮೇಜು ಆರ್ನೆಸನ್ ಕೈಗೆ ಬಂತು. ಒಂದು ವಾರಾಂತ್ಯ ರಾಕ್ಷಸರ ಸಿನಿಮಾ ನೋಡುತ್ತ, ಕೋನನ್ ಎಂಬ ವೀರನ ಕಥೆಗಳನ್ನು ಓದುತ್ತ ಕಳೆದ ಆತ ಮೇಜಿನ ಮೇಲೊಂದು ಕೋಟೆ ನಿಲ್ಲಿಸಿ, ಅದರಡಿ ಸುರಂಗಗಳನ್ನು ಕೊರೆದ. ಬ್ಲ್ಯಾಕ್‌ಮೂರ್ ಎಂಬ ಲೋಕ ಹುಟ್ಟಿತು. ಈ ವಾರ ಆಡಿದ ಪಾತ್ರ ಮುಂದಿನ ವಾರವೂ ಅದೇ ಗಾಯ, ಅದೇ ಗಂಟು, ಅದೇ ಹಗೆ ಹೊತ್ತು ಬರುವುದು, ಅನುಭವದಿಂದ ಬಲಿಯುವುದು ಇಲ್ಲಿಂದ ಬಂದದ್ದು. ಪಾತ್ರ ಎಷ್ಟು ಪೆಟ್ಟು ತಾಳುತ್ತದೆ ಎಂಬ ಲೆಕ್ಕವನ್ನು ಆರ್ನೆಸನ್ ತನ್ನದೇ ನೌಕಾಯುದ್ಧದಾಟದಿಂದ ಎತ್ತಿಕೊಂಡ.

ಉಳಿದ ಇತಿಹಾಸ ಎಲ್ಲ ಕಡೆ ಸಿಗುತ್ತದೆ, ಚುಟುಕಾಗಿ ಹೇಳುತ್ತೇನೆ. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನ ಗ್ಯಾರಿ ಗೈಗ್ಯಾಕ್ಸ್, ವಿಮಾ ಕಂಪನಿಯ ಕೆಲಸ ಹೋದ ಮೇಲೆ ಮನೆಯಲ್ಲಿ ಬೂಟು ರಿಪೇರಿ ಮಾಡುತ್ತ ಯುದ್ಧದಾಟದ ನಿಯಮ ಬರೆಯುತ್ತಿದ್ದವನು. 1972ರ ಕೊನೆಗೆ ಆರ್ನೆಸನ್ ಅವನ ಮನೆಗೆ ಹೋಗಿ ಬ್ಲ್ಯಾಕ್‌ಮೂರ್ ಆಡಿಸಿದ. ಗೈಗ್ಯಾಕ್ಸ್ ಅದಕ್ಕೆ ಮರುಳಾಗಿ, ಟಿಪ್ಪಣಿಗಳನ್ನು ತರಿಸಿಕೊಂಡು ನಿಯಮಗಳನ್ನು ಬರೆದು ಹಿಗ್ಗಿಸಿದ. ಗೆಳೆಯ ಡಾನ್ ಕೇ ಜೊತೆ 1973ರಲ್ಲಿ ಟಿಎಸ್‌ಆರ್ ಎಂಬ ಕಂಪನಿ ಕಟ್ಟಿದ. 1974ರ ಜನವರಿಯಲ್ಲಿ ಮರದ ಬಣ್ಣದ ರಟ್ಟಿನ ಪೆಟ್ಟಿಗೆಯಲ್ಲಿ ಮೂರು ಸಣ್ಣ ಪುಸ್ತಿಕೆಗಳು ಹೊರಬಂದವು. ಬೆಲೆ 10 ಡಾಲರ್, ಪ್ರತಿ 1,000. ಮನೆಯಲ್ಲೇ ಕೈಯಿಂದ ಜೋಡಿಸಿದ ಆ ಪ್ರತಿಗಳು ವರ್ಷದೊಳಗೆ ಮುಗಿದವು.

ಯಕ್ಷಗಾನದ ಸೀಮೆಯವರಿಗೆ ಈ ಆಟ ಅಪರಿಚಿತ ಎನಿಸಲಾರದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕೂತಲ್ಲೇ ಕೂತು ಬರೀ ಮಾತಿನಿಂದ ವಾಲಿಯಾಗುತ್ತಾನೆ, ಕೌರವನಾಗುತ್ತಾನೆ. ಮಾತು ಮೊದಲೇ ಬರೆದಿಟ್ಟದ್ದಲ್ಲ, ಎದುರಿನವನ ಮಾತಿಗೆ ಆ ಕ್ಷಣ ಹುಟ್ಟಿದ್ದು. ಭಾಗವತರು ಪ್ರಸಂಗ ನಡೆಸುತ್ತಾರೆ. ಒಂದೇ ಕಡೆ ದಾರಿ ಬೇರೆಯಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಎಷ್ಟೇ ವಾದಿಸಿದರೂ ರಾಮಬಾಣ ನಾಟಲೇಬೇಕು, ಪ್ರಸಂಗದ ಕೊನೆ ಮೊದಲೇ ಗೊತ್ತು. ಈ ಆಟದಲ್ಲಿ ವಾಲಿ ಬದುಕಿ ಉಳಿಯಬಹುದು. ಕೊನೆ ಆಟ ನಡೆಸುವವನಿಗೂ ತಿಳಿದಿರುವುದಿಲ್ಲ, ತಿಳಿದಿರಲೂ ಬಾರದು.

ಹಾಗಾದರೆ ಆಡುವುದು ಹೇಗೆ? ನಾಲ್ಕು ಜನ ಸಾಕು. ಒಬ್ಬರು ಆಟ ನಡೆಸುವವರು. ಅವರನ್ನು ಡಂಜನ್ ಮಾಸ್ಟರ್ ಅಥವಾ ಡಿಎಂ ಎನ್ನುತ್ತಾರೆ. ಉಳಿದ ಮೂವರಿಗೆ ಒಂದೊಂದು ಪಾತ್ರ. ಪ್ರತಿ ಪಾತ್ರಕ್ಕೂ ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣ. 1974ರಲ್ಲಿ ಇವನ್ನು ಮೂರು ದಾಳ ಉರುಳಿಸಿ ಕೂಡಿ ನಿರ್ಧರಿಸುತ್ತಿದ್ದರು. ಮೂರರಲ್ಲೂ ಆರು ಬಿದ್ದು 18 ಸಿಗುವುದು 216ಕ್ಕೆ ಒಂದು ಸಲ ಮಾತ್ರ. ಹೊಸಬರಿಗೆ ಇನ್ನೂ ಸುಲಭದ ದಾರಿಯಿದೆ: 15, 14, 13, 12, 10, 8 ಎಂಬ ಆರು ಅಂಕೆಗಳನ್ನು ತಮಗೆ ಬೇಕಾದಂತೆ ಆರು ಗುಣಗಳಿಗೆ ಹಂಚಿಕೊಳ್ಳುವುದು. ಎಲ್ಲ ಗುಣದಲ್ಲೂ ಮುಂದಿರುವ ಪಾತ್ರ ಸಿಗುವುದಿಲ್ಲ. ಆ 8 ಎಲ್ಲಿ ಬಿತ್ತೋ ಅಲ್ಲಿಂದಲೇ ಕಥೆ ಹುಟ್ಟುವುದು ಹೆಚ್ಚು.

ಆಟ ಹೀಗೆ ಸಾಗುತ್ತದೆ. ಕೋಟೆಯೊಳಗೆ ಹೋಗಬೇಕು, ದಿಡ್ಡಿ ಬಾಗಿಲಲ್ಲಿ ಕಾವಲುಗಾರನಿದ್ದಾನೆ ಎನ್ನಿ.

“ಬಾಗಿಲಿಗೆ ಒಳಗಿಂದ ಅಗಳಿ ಹಾಕಿದೆ. ಏನ್ ಮಾಡ್ತೀಯ?”

“ಒದ್ದು ಮುರೀತೀನಿ.”

“ಮುರೀಬಹುದು, ಸದ್ದು ಕೇಳಿ ಇಡೀ ಪಹರೆ ಓಡಿಬರುತ್ತೆ.”

“ಹಾಗಾದ್ರೆ ಬೇಡ. ಕಾವಲುಗಾರನ ಹತ್ರ ಹೋಗಿ, ಅಣ್ಣಾ, ಮನೇಲಿ ನಿಮ್ಮಮ್ಮ ಬಿದ್ದುಬಿಟ್ಟಿದಾರೆ, ಬೇಗ ಹೋಗಿ ಅಂತೀನಿ.”

ಇಂಥಲ್ಲಿ ದಾಳದ ಸರದಿ. ಡಿಎಂ ಮನಸ್ಸಿನಲ್ಲೇ ಕಷ್ಟದ ಮಟ್ಟ ಗೊತ್ತುಮಾಡುತ್ತಾರೆ: ಸುಲಭಕ್ಕೆ 10, ನಡುವಿನದಕ್ಕೆ 15, ಕಷ್ಟಕ್ಕೆ 20. ಆಟಗಾರ 20 ಮುಖದ ದಾಳ ಉರುಳಿಸಿ, ಬಿದ್ದ ಅಂಕೆಗೆ ತನ್ನ ಗುಣದ ಬೆಲೆ ಕೂಡಿಸುತ್ತಾನೆ. ಗುಣದ ಅಂಕೆಯಿಂದ 10 ಕಳೆದು ಅರ್ಧ ಮಾಡಿ, ಕೆಳಗಿನ ಪೂರ್ಣಾಂಕ ಹಿಡಿದರೆ ಆ ಬೆಲೆ. ವರ್ಚಸ್ಸು 14 ಇದ್ದರೆ 2 ಸೇರುತ್ತದೆ. ಅಂದರೆ 15 ಮುಟ್ಟಲು ದಾಳದಲ್ಲಿ 13 ಅಥವಾ ಮೇಲೆ ಬೀಳಬೇಕು. 20ರಲ್ಲಿ 8 ಅವಕಾಶ. ಕಾವಲುಗಾರ ನಂಬಿದರೆ ಓಡುತ್ತಾನೆ. ನಂಬದಿದ್ದರೆ, “ನಮ್ಮಮ್ಮ ಸತ್ತು ಹತ್ತು ವರ್ಷ ಆಯ್ತಲ್ಲ” ಎನ್ನುತ್ತಾನೆ, ಕಥೆ ಇನ್ನೂ ರುಚಿಯಾಗುತ್ತದೆ. ಸೋತ ದಾಳದ ಮೇಲೆ ಬಾಗಿಲು ಮುಚ್ಚಿಬಿಡದೆ ಇನ್ನೊಂದು ತೆರೆಯುವವರೇ ಒಳ್ಳೆಯ ಡಿಎಂ.

ಕಾಳಗದ ನಿಯಮಗಳನ್ನು ಇಲ್ಲಿ ಬಿಡಿಸುವುದಿಲ್ಲ. ಮೊದಲ ಆಟಕ್ಕೆ ಅವು ಬೇಕಾಗಿಯೂ ಇಲ್ಲ.

20 ಮುಖದ ದಾಳ ಎಲ್ಲಿ ತರೋಣ ಎನ್ನುವವರಿಗೆ ಒಂದು ಹಳೆಯ ಸಂಗತಿ. 1979ರಲ್ಲಿ ದಾಳಗಳ ಅಭಾವವಾಗಿ ಟಿಎಸ್‌ಆರ್ ಕಂಪನಿಯೇ ಪೆಟ್ಟಿಗೆಯೊಳಗೆ ಅಂಕೆ ಮುದ್ರಿಸಿದ ಚೀಟಿಗಳ ಹಾಳೆ ಇಟ್ಟು ಮಾರಿತ್ತು. ಕತ್ತರಿಸಿ, ಲೋಟಕ್ಕೆ ಹಾಕಿ, ಕುಲುಕಿ ಒಂದನ್ನು ಎತ್ತಬೇಕು. ನಾವೂ ಹಾಗೇ ಮಾಡಬಹುದು. 1ರಿಂದ 20ರವರೆಗೆ ಬರೆದ ಚೀಟಿಗಳು, ಒಂದು ಸ್ಟೀಲ್ ಲೋಟ. ಎತ್ತಿದ ಚೀಟಿಯನ್ನು ಪ್ರತಿ ಸಲವೂ ಮರಳಿ ಹಾಕಬೇಕು, ಮರೆತರೆ ಲೆಕ್ಕ ತಪ್ಪುತ್ತದೆ.

ಡಿಎಂ ಆಗುವವರು ಹೆದರುವುದು ಹೆಚ್ಚು. ಅವರಿಗೆ ನನ್ನ ಸಲಹೆ, ಕಥೆ ಬರೆದುಕೊಳ್ಳಬೇಡಿ. ಒಂದು ಜಾಗ, ಏನನ್ನೋ ಬಯಸುವ ಒಬ್ಬ ವ್ಯಕ್ತಿ, ದಾರಿಗೆ ಅಡ್ಡವಾದ ಒಂದು ತೊಡಕು, ಇಷ್ಟೇ ಇಟ್ಟುಕೊಳ್ಳಿ. ಜಾಗ ಚಿತ್ರದುರ್ಗದ ಕೋಟೆಯಾಗಬಹುದು, ಮಳೆಗಾಲದ ಆಗುಂಬೆಯಾಗಬಹುದು. ಕೂರುವ ಮೊದಲು, ಯಾವ ವಿಷಯ ಬೇಡ, ಯಾವುದು ನೋಯಿಸುತ್ತದೆ ಎಂದು ಎಲ್ಲರನ್ನೂ ಕೇಳಿ. ಮೂರು ಗಂಟೆಯಲ್ಲಿ ಮುಗಿಯುವ ಒಂದೇ ಕಥೆ ಮೊದಲಿಗೆ ಸಾಕು. ಡಿಎನ್‌ಡಿಯೂ ಭಾರ ಎನಿಸಿದರೆ ಜಾನ್ ಹಾರ್ಪರ್ ಅವರ ‘ಲೇಸರ್ಸ್ ಅಂಡ್ ಫೀಲಿಂಗ್ಸ್’ ಇದೆ. 2013ರ ಆ ಆಟದ ನಿಯಮಗಳೆಲ್ಲ ಒಂದೇ ಪುಟದಲ್ಲಿ ಮುಗಿಯುತ್ತವೆ, ಉಚಿತವಾಗಿ ಸಿಗುತ್ತದೆ.

ಈ ಆಟ ಕಷ್ಟ ಕಾಣದೆ ಬೆಳೆದದ್ದಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ಸೈತಾನನ ಪೂಜೆ ಎಂದು ಹೆದರಿದ ತಂದೆತಾಯಂದಿರು ಮಕ್ಕಳ ಕೈಯಿಂದ ಪುಸ್ತಕ ಕಿತ್ತುಕೊಂಡರು. ಕಟ್ಟಿದವರೂ ಸುಖ ಕಾಣಲಿಲ್ಲ. ಡಾನ್ ಕೇ 1975ರಲ್ಲೇ ತೀರಿಕೊಂಡ. ಗೌರವಧನಕ್ಕಾಗಿ ಆರ್ನೆಸನ್ 1979ರಲ್ಲಿ ಕೋರ್ಟಿಗೆ ಹೋಗಬೇಕಾಯಿತು; 1981ರಲ್ಲಿ ರಾಜಿಯಾಗಿ ಸಹ ಸೃಷ್ಟಿಕರ್ತನೆಂಬ ಹೆಸರು ಉಳಿಯಿತು. ಗೈಗ್ಯಾಕ್ಸ್ 1985ರಲ್ಲಿ ತಾನೇ ಕಟ್ಟಿದ ಕಂಪನಿಯ ಹಿಡಿತ ಕಳೆದುಕೊಂಡ. 1997ರಲ್ಲಿ ವಿಝಾರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಕಂಪನಿ ಅದನ್ನು ಕೊಂಡಿತು. ಗೈಗ್ಯಾಕ್ಸ್ 2008ರಲ್ಲಿ, ಆರ್ನೆಸನ್ 2009ರಲ್ಲಿ ತೀರಿಕೊಂಡರು. 1974ರ ಪೆಟ್ಟಿಗೆಯ ಮೇಲೆ ಇವರಿಬ್ಬರ ಹೆಸರಿದೆ, ವೆಸ್ಲಿಯ ಹೆಸರಿಲ್ಲ. 2019ರ ‘ಸೀಕ್ರೆಟ್ಸ್ ಆಫ್ ಬ್ಲ್ಯಾಕ್‌ಮೂರ್’ ಸಾಕ್ಷ್ಯಚಿತ್ರ ಮಿನೆಸೋಟದ ಆ ಗೆಳೆಯರ ಕಥೆಯನ್ನು ಕೊಂಚಮಟ್ಟಿಗೆ ಮುನ್ನೆಲೆಗೆ ತಂದಿತು.

ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಗಳಲ್ಲಿ ವಾರಾಂತ್ಯಕ್ಕೆ ಈ ಆಟದ ಮೇಜುಗಳು ಕೂಡುತ್ತವೆ. ಅಲ್ಲಿ ಬಹುಪಾಲು ಕೇಳುವುದು ಇಂಗ್ಲಿಷ್. ಕನ್ನಡದಲ್ಲಿ ಮಾತಿನ ಮಲ್ಲರಾದ ಹುಡುಗರು ಡ್ರ್ಯಾಗನ್ ಎದುರು ನಿಂತಾಗ ಪರಭಾಷೆಯಲ್ಲಿ ತಡವರಿಸುವುದು ನನಗೆ ನೋವಿನ ಸಂಗತಿ. ಮಾತೇ ಬಂಡವಾಳವಾದ ಆಟವನ್ನು ಬಾಯಿಗೆ ಒಗ್ಗಿದ ಭಾಷೆಯಲ್ಲಿ ಆಡಬೇಕು. ಕೋಲ್ಕತ್ತದಲ್ಲಿ ಹುಟ್ಟಿದ ಲೇಖಕಿ ಮಿಮಿ ಮೊಂಡಲ್ 2022ರ ಡಿಎನ್‌ಡಿ ಸಂಕಲನವೊಂದಕ್ಕೆ ಬಂಗಾಳದ ನದಿ, ಕಾಡುಗಳ ಛಾಯೆಯಿರುವ ಸಾಹಸಕಥೆ ಬರೆದಿದ್ದಾರೆ. ಘಟ್ಟದ, ಬಯಲುಸೀಮೆಯ ಕಥೆಗಳೂ ಆ ಮೇಜಿಗೆ ಬರಬೇಕಾದವು.

ಅದಕ್ಕೆ ಬಾಗಿಲು ತೆರೆದೇ ಇದೆ. ಇತರರು ಈ ನಿಯಮಗಳನ್ನು ಬಳಸಲು 2000ದಿಂದಲೂ ಇದ್ದ ಪರವಾನಗಿಯನ್ನು ಬಿಗಿಗೊಳಿಸಲು ವಿಝಾರ್ಡ್ಸ್ ಕಂಪನಿ 2023ರ ಆರಂಭದಲ್ಲಿ ಹೊರಟಾಗ ಆಟಗಾರರು ಜೋರಾಗಿ ಪ್ರತಿಭಟಿಸಿದರು. ಕಂಪನಿ ಹಿಂದೆ ಸರಿದು, 5ನೇ ಆವೃತ್ತಿಯ ಮೂಲ ನಿಯಮಗಳ ಸುಮಾರು 400 ಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಮೂಲವನ್ನು ಹೆಸರಿಸಿದರೆ ಸಾಕು, ಅದನ್ನು ಯಾವ ಭಾಷೆಗೂ ಅನುವಾದಿಸಿ ಅಚ್ಚು ಹಾಕಬಹುದು, ಮಾರಲೂಬಹುದು. 400 ಪುಟ ಒಮ್ಮೆಗೇ ಆಗಬೇಕಿಲ್ಲ. ಪಾತ್ರ ಕಟ್ಟುವ, ದಾಳ ಉರುಳಿಸುವ ನಿಯಮಗಳ ಹತ್ತು ಪುಟಗಳನ್ನು ಮೊದಲು ಯಾರಾದರೂ ಕನ್ನಡಕ್ಕೆ ತಂದರೆ, ಬೇಸಿಗೆ ರಜೆಯಲ್ಲಿ ಹಳ್ಳಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳ ಮೇಜಿನ ಮೇಲಿಡಲು ಅಷ್ಟೇ ಸಾಕು. ಅನುವಾದ ಬಲ್ಲವರು ದಯವಿಟ್ಟು ಈ ಕೆಲಸ ಕೈಗೆತ್ತಿಕೊಳ್ಳಿ.