ಗೋರಿ ಹೊಕ್ಕವರು

ಗುಂಡು ಹಾರಿಸುವ ಆಟದಲ್ಲಿ ಸಹೃದಯರು ಮೆಚ್ಚುವಂಥದೇನಿದೆ ಎಂದು ಓದುಗರು ಕೇಳಬಹುದು. ಅಮೆರಿಕದ ಲೊಬಾಟಮಿ ಸಾಫ್ಟ್‌ವೇರ್ ಸಂಸ್ಥೆ ೧೯೯೬ರಲ್ಲಿ ಸೆಗಾ ಸ್ಯಾಟರ್ನ್ ಯಂತ್ರಕ್ಕೆ ರಚಿಸಿಕೊಟ್ಟ 'ಪವರ್‌ಸ್ಲೇವ್' ಎಂಬ ಆಟಕ್ಕೆ ಯುರೋಪಿನಲ್ಲಿ 'ಎಕ್ಸ್‌ಹ್ಯೂಮ್ಡ್' ಎಂದು ಹೆಸರು. ಎಂದರೆ, ಹೂತಿದ್ದನ್ನು ಅಗೆದು ತೆಗೆದದ್ದು.

ಅನ್ಯಗ್ರಹದ ಜೀವಿಗಳು ಈಜಿಪ್ಟಿನ ಕಾರ್ನಾಕನ್ನು ಆಕ್ರಮಿಸಿ, ಅರಸು ರಾಮ್ಸೆಸನ ಮಮ್ಮಿಯನ್ನು ಅಪಹರಿಸಿವೆ. ಆಡುವವನಿಗೆ ಯೋಧನ ಕಣ್ಣೇ ಕಣ್ಣು. ಆದರೆ ಬಂದೂಕೊಂದೇ ಸಾಲದು. ಎತ್ತರಕ್ಕೆ ನೆಗೆಸುವ ಪಾದರಕ್ಷೆ, ನೀರೊಳಗೆ ಉಸಿರೀಯುವ ಮುಖವಾಡ ದೊರೆತ ಮೇಲೆ, ದಾಟಿಬಂದ ಎಡೆಗಳಿಗೇ ಮರಳಿ ಹೊಸ ಹಾದಿಯನ್ನು ಅರಸಬೇಕು. ದಾರಿ ತೋರುವುದು ಸತ್ತ ಅರಸನ ಆತ್ಮವೇ.

ಆಟದಲ್ಲಿ ಕಳ್ಳರು ಅನ್ಯಗ್ರಹದವರು, ಇತಿಹಾಸದಲ್ಲಿ ಮನುಷ್ಯರು. ಗೋರಿಗಳ್ಳರಿಗೆ ಅಂಜಿ ಅರ್ಚಕರು ಇಮ್ಮಡಿ ರಾಮ್ಸೆಸನ ದೇಹವನ್ನು ಗೋರಿಯಿಂದ ಗೋರಿಗೆ ಸಾಗಿಸಿದರು. ೧೮೮೧ರಲ್ಲಿ ಅಧಿಕಾರಿಗಳು ಅದನ್ನು ದೇರ್ ಎಲ್-ಬಹ್ರಿಯ ಗುಪ್ತನೆಲೆಯಿಂದ ಹೊರತೆಗೆದರು. ೧೯೭೬ರಲ್ಲಿ ಸಂರಕ್ಷಣೆಗೆಂದು ಅದು ಪ್ಯಾರಿಸಿಗೆ ಹಾರಿತು. ೨೦೨೧ರಲ್ಲಿ ೨೨ ರಾಜದೇಹಗಳ ಮೆರವಣಿಗೆಯೊಡನೆ ಕೈರೋವಿನ ಬೇರೊಂದು ವಸ್ತುಸಂಗ್ರಹಾಲಯವನ್ನು ಸೇರಿತು.

ಮೂರು ಸಾವಿರ ವರ್ಷಗಳಾದರೂ ಆ ದೇಹಕ್ಕೆ ತನ್ನ ಗೋರಿಯ ನಿದ್ದೆ ದಕ್ಕಲಿಲ್ಲ. ಆಟದ ಅರಸನ ಮೊರೆಯನ್ನು ಕೇಳುವಾಗ ಇದು ನೆನಪಾಗಿ ಬಂದೂಕು ಹಿಡಿದ ಕೈ ತುಸು ಅಳುಕುತ್ತದೆ. ಕಾಯಲೆಂದು ಗೋರಿ ಹೊಕ್ಕವನೂ, ನೋಡಲೆಂದು ಹೊಕ್ಕವನೂ, ಹೊಕ್ಕವನೇ ಅಲ್ಲವೆ?